ಒಕ್‌ಬುನ್ ಹೆಸರು ಕಟ್ಟಿದ ಜಾಡಿ

ಬೆಳಕು ಹರಿಯುವ ಮೊದಲೇ ಮೆಂಗ್ ಒಕ್‌ಬುನ್ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಭತ್ತದ ಹುಲ್ಲಿಗೆ ಬೆಂಕಿ ಇಡುತ್ತಾರೆ. ಉರಿ ಏಳಲು ಬಿಡುವುದಿಲ್ಲ, ಹೊಗೆ ಮಾತ್ರ ಬೇಕು. ಒಳಗೆ ಶುದ್ಧವಾಗಲೆಂದು ಅದರ ಮೇಲೆ ಮಣ್ಣಿನ ಜಾಡಿಯನ್ನು ಬೋರಲು ಹಾಕುತ್ತಾರೆ. ಹೊರಮೈ ಅಂಗೈಗೆ ಬಿಸಿ ತಟ್ಟಿದ ಮೇಲೆ ಎತ್ತಿ, ಒಳಗೆಲ್ಲ ಒಣಬಟ್ಟೆಯಲ್ಲಿ ಒರೆಸಿ, ಮುಂದಿನದನ್ನು ಕೈಗೆತ್ತಿಕೊಳ್ಳುತ್ತಾರೆ. ಚಳಿಗೆ ಅವರ ಬೆರಳ ಸಂದಿಗಳು ಬಿರಿದಿವೆ.

"ಸ್ವಲ್ಪ ದೂರ ನಿಂತ್ಕೊಳ್ಳಿ. ಕೋಟಿಗೆ ಹೊಗೆ ವಾಸನೆ ಹತ್ತಿದ್ರೆ ಬೇಗ ಹೋಗಲ್ಲ. ಎಲ್ಲಿ ಅಲೆದು ಬಂದ್ರಿ ಅಂತ ಮನೇಲಿ ಕೇಳ್ತಾರೆ," ಎಂದು ನನ್ನನ್ನು ಹಿಂದಕ್ಕೆ ಸರಿಸುತ್ತಾರೆ.

ಜೊಂಜು ಪೇಟೆಯ ಹಿಂದಿನ ಹಳೇ ಅಕ್ಕಿ ಗೋದಾಮಿನಲ್ಲಿ ನಡೆಯುವ ಶಾಲೆಯ ಅಂಗಳ ಇದು. ಅಕ್ಕಿಯಿಂದ ಮಕ್ಕೊಲ್ಲಿ ಎಂಬ ಮದ್ಯ ಮಾಡುವುದನ್ನು ಇಲ್ಲಿ ಕಲಿಸುತ್ತಾರೆ. ಮನೆಮಟ್ಟಿಗೆ ಒಂದು ಜಾಡಿ ಮಾಡಿಕೊಂಡರೆ ಸಾಕೆನ್ನುವವರು ಭಾನುವಾರ ಬರುತ್ತಾರೆ. ಸ್ವಂತ ಬ್ರೂವರಿ ತೆರೆಯುವ ಆಸೆಯವರು ವಾರವಿಡೀ ಬಂದು, ವರ್ಷದ ಕೊನೆಗೆ ಪರೀಕ್ಷೆ ಬರೆದು ಅರ್ಹತಾ ಪತ್ರ ಪಡೆಯುತ್ತಾರೆ. ಹೀಗೆ ಪತ್ರ ಪಡೆದು ಹೋದವರ ಫೋಟೋಗಳು ಬಾಗಿಲಿಂದ ಮೆಟ್ಟಿಲವರೆಗೆ ತೂಗುತ್ತಿವೆ. ಒಂದರಲ್ಲೂ ಒಕ್‌ಬುನ್ ಇಲ್ಲ. ಆ ಫೋಟೋದವರ ಅಕ್ಕಿ ತೊಳೆದು, ಹಬೆಯಲ್ಲಿ ಬೇಯಿಸಿ, ಜಾಡಿಗೆ ಹೊಗೆ ಕೊಟ್ಟವರು ಇವರೇ, ಹದಿನೆಂಟು ವರ್ಷದಿಂದ.

ಎಲ್ಲರೂ ಅವರನ್ನು 'ಚಿಕ್ಕಮ್ಮ' ಎನ್ನುತ್ತಾರೆ. ಬಸ್ ಓಡಿಸಿ ನಿವೃತ್ತರಾಗಿ ಇಲ್ಲಿ ಕಲಿಯಲು ಬಂದ ಬೊಂಗ್ ಗಿತೆಗೆ ಇವರಷ್ಟೇ ವಯಸ್ಸು, ಅವರಿಗೂ ಇವರು ಚಿಕ್ಕಮ್ಮನೇ. ಮೊದಲ ದಿನ ಬೊಂಗ್ ಜಾಡಿ ತೊಳೆಯಲು ಪಾತ್ರೆ ಸೋಪು ಕೈಗೆತ್ತಿಕೊಂಡಾಗ ಒಕ್‌ಬುನ್ ಆ ಸೋಪನ್ನು ಕಿತ್ತುಕೊಂಡಿದ್ದರು. ಬೊಂಗ್ ಅದನ್ನು ನೆನೆದು ಈಗಲೂ ನಗುತ್ತಾರೆ. "'ಮಣ್ಣು ಸೋಪು ಕುಡಿಯುತ್ತೆ ಕಣ್ರೀ, ಆಮೇಲೆ ಅದನ್ನೇ ನಿಮಗೆ ಕುಡಿಸುತ್ತೆ' ಅಂದ್ರು. ಎಷ್ಟು ವರ್ಷ ಬಸ್ ಓಡಿಸಿದೀನಿ, ಇಷ್ಟು ಜೋರಾಗಿ ಪೊಲೀಸರೂ ಬೈದಿಲ್ಲ."

ಕಳೆದ ವಸಂತದಲ್ಲಿ ಶಾಲೆಗೆ ಹೊಸ ನಿಯಮ ಬಂತು. ಬರುವ ಮಾರ್ಚ್‌ನಿಂದ ಬೆಚ್ಚನೆ ಕೋಣೆಯೊಳಗೆ, ಅಂದರೆ ಜಾಡಿಗಳು ಹುದುಗುವ ಕೋಣೆಯೊಳಗೆ, ಅರ್ಹತಾ ಪತ್ರ ಇರುವ ಸಿಬ್ಬಂದಿ ಮಾತ್ರ ಕೆಲಸ ಮಾಡಬೇಕು. ಪತ್ರ ಇಲ್ಲದವರು ಅಂಗಳದಲ್ಲಿ ತೊಳೆಯುವುದಕ್ಕಷ್ಟೇ ಸೈ. ನಿಯಮ ಮಾಡಿದವರಿಗೆ ಅವರದೇ ಕಾರಣಗಳಿರಬಹುದು. ನನಗಂತೂ ಕೇಳಿದಾಗ ಮೈ ಉರಿಯಿತು. ಒಕ್‌ಬುನ್ ಮಾತ್ರ ಗೊಣಗಲಿಲ್ಲ, ಕನ್ನಡಕದ ಗಾಜು ಬದಲಾಯಿಸಿಕೊಂಡು ಓದಲು ಕೂತರು. ಶಾಲೆಯ ಮೇಷ್ಟ್ರು ಯೊಮ್ ಸನ್‌ವೂ ಸಂಜೆ ಹೊತ್ತು ಪಾಠ ಹೇಳಿಕೊಟ್ಟರು. ಲಿಖಿತ ಪರೀಕ್ಷೆ ಪಾಸಾಯಿತು.

ಉಳಿದದ್ದು ಪ್ರಾಯೋಗಿಕ ಪರೀಕ್ಷೆ. ಪ್ರತಿಯೊಬ್ಬರೂ ಒಂದು ಜಾಡಿ ಮಕ್ಕೊಲ್ಲಿ ಮಾಡಿ, ಜಾಡಿಯ ಕೊರಳಿಗೆ ತಮ್ಮ ಹೆಸರಿನ ಚೀಟಿ ಕಟ್ಟಬೇಕು. ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಒಂದೊಂದು ಜಾಡಿಯ ಮುಂದೂ ನಿಂತು "ಯಾರದು?" ಎನ್ನುತ್ತಾರೆ. ಮಾಡಿದವರು ಮುಂದೆ ಬಂದು "ನನ್ನದು" ಎಂದು ಹೇಳಿ ಬಡಿಸಬೇಕು. ಅದು ಇಲ್ಲಿಯ ಪದ್ಧತಿ.

ಅಕ್ಕಿ, ನೀರು, ಗೋಧಿಯ ಹುದುಗು ಸೇರಿಸಿ ಜಾಡಿಗೆ ತುಂಬಿದ ಮೇಲೆ ಕಂಬಳಿ ಸುತ್ತಿಡುತ್ತಾರೆ. ಒಂದೆರಡು ದಿನಕ್ಕೆ ಒಳಗಿನ ಮಿಶ್ರಣ ತಾನೇ ಕಾವೇರುತ್ತದೆ. ಆಗ ಕಂಬಳಿ ಬಿಚ್ಚಿ ಜಾಡಿಯನ್ನು ತಣ್ಣಗೆ ಮಾಡಬೇಕು. ತಡವಾದರೆ ಹುಳಿ ಹಿಡಿಯುತ್ತದೆ, ಮತ್ತೆ ಸರಿಪಡಿಸಲು ಬರುವುದಿಲ್ಲ. ಈ ಕಂಬಳಿ ಬಿಚ್ಚುವುದು ಮೊದಲಿನಿಂದಲೂ ಒಕ್‌ಬುನ್ ಕೆಲಸ. ಪರೀಕ್ಷೆಯ ಜಾಡಿಗಳು ಕಾವೇರಿದ ಮುಂಜಾನೆಯೂ ಒಂದೊಂದಕ್ಕೂ ಕೈ ಇಟ್ಟು ನೋಡುತ್ತ ಹೋದರು. ಎಲ್ಲರ ಕಂಬಳಿ ಬಿಚ್ಚಿದರು, ಮಡಿಸಿಟ್ಟರು, ಬಾಗಿಲು ಎಳೆದುಕೊಂಡು ಅಕ್ಕಿ ನೆನೆಹಾಕಲು ಹೋದರು.

ತಮ್ಮ ಜಾಡಿಯನ್ನು ಮರೆತಿದ್ದರು.

ಒಳ್ಳೆಯ ಜಾಗವೆಲ್ಲ ಶುಲ್ಕ ಕಟ್ಟಿದವರಿಗೆ ಬಿಟ್ಟು, ತಮ್ಮದನ್ನು ಅವರು ಮೂಲೆಯ ಕಪಾಟಿನ ಹಿಂದೆ ಇಟ್ಟಿದ್ದರು. ಮಾರನೇ ದಿನ ಕಸ ಗುಡಿಸುವಾಗ ಅದು ಕಣ್ಣಿಗೆ ಬಿತ್ತು. ಕಂಬಳಿಯೊಳಗೆ ಕೈ ಹಾಕಿದರೆ ಜ್ವರ ಬಂದ ಮಗುವಿನ ಮೈ ಮುಟ್ಟಿದ ಹಾಗಿತ್ತು.

"ಹೇಗೆ ಮರೆತ್ರಿ?" ಎಂದು ನಾನು ಕೇಳುತ್ತೇನೆ. ಕೇಳಬಾರದಿತ್ತೇನೋ. ಅವರು ಹುಲ್ಲಿನ ಬೂದಿಯನ್ನು ಕಡ್ಡಿಯಿಂದ ಕೆದಕುತ್ತಾರೆ.

"ಆ ಕೋಣೇಲಿ ನಂದು ಅಂತ ಒಂದು ಜಾಡಿ ಯಾವತ್ತೂ ಇರ್ಲಿಲ್ಲ ನೋಡಿ. ಕಾಲು ದಿನಾ ಹೋಗೋ ದಾರೀಲೇ ಹೋಯ್ತು. ನಂದೂ ಒಂದಿದೆ ಅಂತ ಕಾಲಿಗೆ ಗೊತ್ತಿರ್ಲಿಲ್ಲ."

ಪರೀಕ್ಷೆಗೆ ಇನ್ನೊಂದು ಜಾಡಿ ಮಾಡುವಷ್ಟು ಸಮಯ ಉಳಿದಿರಲಿಲ್ಲ. ಪಾಠಕ್ಕೆಂದು ಯೊಮ್ ಮೇಷ್ಟ್ರು ಮಾಡಿಟ್ಟಿದ್ದ ಜಾಡಿ ಮಾತ್ರ ಚೆನ್ನಾಗಿ ಹಣ್ಣಾಗಿ ಕೂತಿತ್ತು. ಅದಕ್ಕೆ ಯಾರ ಹೆಸರೂ ಇರಲಿಲ್ಲ, ಕೋಣೆಯ ಬೀಗದ ಕೈ ಒಕ್‌ಬುನ್ ಸೊಂಟದಲ್ಲೇ ಇತ್ತು. ಅಂದು ಊಟದ ಮನೆಯಲ್ಲಿ ಮೊಳಕೆಕಾಳಿನ ಸಾರು ಬಡಿಸಿಕೊಳ್ಳುವಾಗ ಬೊಂಗ್ ಪಿಸುಗುಟ್ಟಿದರು: "ಚೀಟಿ ಬಿಚ್ಚಿ ಅದಕ್ಕೆ ಕಟ್ಟಿಬಿಡಿ ಚಿಕ್ಕಮ್ಮ. ಆ ಅಕ್ಕಿ ಬೇಯಿಸಿದ್ದೂ ನೀವೇ ತಾನೆ? ಮೋಸ ಅಂತ ಯಾರಂತಾರೆ?"

"ಸುಮ್ನೆ ಉಣ್ರೀ, ಸಾರು ಆರೋಗುತ್ತೆ," ಎಂದರಂತೆ ಇವರು.

ಯೊಮ್ ಮೇಷ್ಟ್ರೂ ಅಡ್ಡ ಬರಲಿಲ್ಲ. "ನಾನು ಆ ಕಡೆ ನೋಡೋದೇ ಇಲ್ಲ ಅಂದೆ," ಎಂದು ಅವರು ನನಗೆ ಬಿಚ್ಚಿ ಹೇಳುತ್ತಾರೆ. "ಮೇಷ್ಟ್ರಾಗಿ ಆಡೋ ಮಾತಲ್ಲ, ಗೊತ್ತು. ಆದ್ರೆ ಮಾರ್ಚ್ ಆದ್ಮೇಲೆ ಅವರು ಹೊಸ್ತಿಲ ಹೊರಗೆ, ನಾನು ಒಳಗೆ."

ಒಕ್‌ಬುನ್ ಚೀಟಿ ಬಿಚ್ಚಲಿಲ್ಲ. ಯಾಕೆಂದು ಕೇಳಿದರೆ ತಾಯಿಯ ಕಥೆ ಹೇಳುತ್ತಾರೆ.

ಮನೆಯಲ್ಲಿ ಮದ್ಯ ಮಾಡುವುದು ಆಗ ಅಪರಾಧ. ಆದರೂ ಹಿರಿಯರ ಎಡೆಗೆ ಕೊಂಡುತಂದದ್ದನ್ನು ಇಡಲು ಮನಸ್ಸೊಪ್ಪದೆ ತಾಯಿ ಕದ್ದು ಒಂದು ಜಾಡಿ ಮಾಡಿ ಹುಲ್ಲಿನ ಬಣವೆಯಲ್ಲಿ ಬಚ್ಚಿಡುತ್ತಿದ್ದರು. ಒಕ್‌ಬುನ್‌ಗೆ ಎಂಟು ವರ್ಷವಿದ್ದಾಗ, ತಾತನ ಎಡೆಯ ಹಿಂದಿನ ದಿನ ಅಧಿಕಾರಿಗಳು ಬಂದರು. ಕಬ್ಬಿಣದ ಸರಳಿನಿಂದ ಬಣವೆ ತಿವಿದಾಗ ಠಣ್ ಎಂದಿತು.

"ಯಾರದು ಈ ಜಾಡಿ ಅಂತ ಕೇಳಿದ್ರು. ಅಮ್ಮ 'ನಂದಲ್ಲ' ಅಂದ್ಲು. ಬಟ್ಟೆಗೆಲ್ಲ ಅದರ ವಾಸನೆ, ನಮ್ಮದೇ ಬಣವೆ. ಆದ್ರೂ ನಂದಲ್ಲ, ನಂದಲ್ಲ ಅಂತಾನೇ ಇದ್ಲು. ಅಂಗಳದಲ್ಲೇ ಒಡೆದು ಹಾಕಿದ್ರು. ಅಷ್ಟು ಚೆನ್ನಾಗಿ ಆಗಿತ್ತು ಆ ಸಲ, ಬೀದಿಗೆಲ್ಲ ಪರಿಮಳ. ಮಾರನೇ ದಿನ ಬಾಗಿಲು ಹಾಕ್ಕೊಂಡು ತಾತಂಗೆ ನೀರು ಇಟ್ಲು. ಸಾಯೋವರೆಗೂ ಎಡೆ ದಿನ ಬಾಗಿಲು ಹಾಕೋ ಅಭ್ಯಾಸ ಬಿಡ್ಲಿಲ್ಲ ಅವಳು. ಹಿರಿಯರು ಒಳಗೆ ಬರ್ಲಿ ಅಂತ ಎಲ್ಲರೂ ಬಾಗಿಲು ತೆಗೆದಿಡ್ತಾರೆ, ನಮ್ಮನೇಲಿ ಮಾತ್ರ ಅಗಳಿ."

ಪರೀಕ್ಷೆಯ ದಿನ ಪರೀಕ್ಷಕರು ಕೊನೆಯ ಜಾಡಿಯ ಮುಂದೆ ನಿಂತರು. ಮುಚ್ಚಳ ತೆಗೆದ ಕೂಡಲೇ ವಾಸನೆ ಗೊತ್ತಾಯಿತು. ಹಿಂದಿನ ಸಾಲಿನಲ್ಲಿದ್ದ ಬೊಂಗ್ ತಲೆ ತಗ್ಗಿಸಿದರು.

"ಯಾರದು?"

ಒಕ್‌ಬುನ್ ಮುಂದೆ ಬಂದರು. ಏಪ್ರನ್ನಿಗೆ ಕೈ ಒರೆಸಿಕೊಂಡು, "ನಂದು. ಹುಳಿಯಾಗಿದೆ. ಕಂಬಳಿ ಬಿಚ್ಚೋದು ಮರೆತೆ," ಎಂದು ಹೇಳಿ, ಸೋರೆ ಬುರುಡೆಯಲ್ಲಿ ತೋಡಿ ಎರಡೂ ಕೈಯಲ್ಲಿ ಬಟ್ಟಲು ಮುಂದೆ ಹಿಡಿದರು. ಪರೀಕ್ಷಕರು ರುಚಿ ನೋಡಿ ಬಟ್ಟಲನ್ನು ಗೌರವದಿಂದಲೇ ಕೆಳಗಿಟ್ಟರು, ಅಂಕ ಕೊಡಲಿಲ್ಲ. ಬೊಂಗ್ ಪಾಸಾದರು. ಮೆಟ್ಟಿಲ ಬಳಿ ತೂಗುವ ಹೊಸ ಫೋಟೋದಲ್ಲಿ ಅವರೊಬ್ಬರೇ ನಗುತ್ತಿಲ್ಲ.

ಈಗ ಅಂಗಳದಲ್ಲಿ ಬಿಸಿಲು ಬಿದ್ದಿದೆ. ಹೊಗೆ ಕುಡಿದ ಜಾಡಿಗಳನ್ನು ಒಕ್‌ಬುನ್ ಒಂದೊಂದಾಗಿ ಬೆಚ್ಚನೆ ಕೋಣೆಗೆ ಒಯ್ಯುತ್ತಾರೆ. ಮಾರ್ಚ್‌ವರೆಗೆ ಒಯ್ಯಬಹುದು. ಆಮೇಲೆ ಹೊಸ್ತಿಲಲ್ಲಿ ಬೇರೆಯವರ ಕೈಗೆ ಕೊಟ್ಟು ಹಿಂತಿರುಗಬೇಕು, ಮುಂದಿನ ಪರೀಕ್ಷೆ ವರ್ಷದ ಕೊನೆಗೇ. ಮತ್ತೆ ಕೂರುತ್ತೀರಾ ಎಂದರೆ, "ಕೂರದೆ ಏನು? ಓದಿದ್ದೆಲ್ಲ ಇನ್ನೂ ತಲೇಲಿದೆ," ಎನ್ನುತ್ತಾರೆ.

ಆ ಹುಳಿ ಜಾಡಿ ಏನಾಯಿತೆಂದು ಹೊರಡುವಾಗ ಕೇಳುತ್ತೇನೆ. ಮನೆಯಲ್ಲೇ ಇದೆಯಂತೆ, ಹೆಸರಿನ ಚೀಟಿಯೂ ಕೊರಳಲ್ಲೇ ಇದೆಯಂತೆ. ಇನ್ನಷ್ಟು ದಿನ ಬಿಟ್ಟರೆ ಒಳ್ಳೆ ವಿನೆಗರ್ ಆಗುತ್ತದೆ. ಕಳೆದ ವಾರ ತಾಯಿಯ ಎಡೆಯಿತ್ತು, ಅದರಿಂದಲೇ ಒಂದು ಬಟ್ಟಲು ಇಟ್ಟರಂತೆ.

"ಹುಳೀನಾ?" ಎನ್ನುತ್ತೇನೆ.

"ಹುಳೀನೇ. ಕುಡೀತಾಳೆ ಬಿಡಿ," ಎನ್ನುತ್ತಾ ಒಕ್‌ಬುನ್ ಕೊನೆಯ ಜಾಡಿಯನ್ನು ಎತ್ತಿಕೊಳ್ಳುತ್ತಾರೆ. "ಬಾಗಿಲು ತೆಗೆದಿಟ್ಟು ಬಡಿಸ್ದೆ."