ಹೋಲ್ಡಾನ್ ಮಾವ ಓದಿದ ಕೊನೆಯ ಕಂತು

ಬೀದಿಯವರೆಲ್ಲ ಹೋಲ್ಡಾನ್ ಮಾವ ಎಂದು ಕರೆಯುತ್ತಿದ್ದ ಆ ನಿವೃತ್ತ ಬಸ್ ಕಂಡಕ್ಟರಿಗೆ ಆಸ್ತಿ ಎಂದು ಇದ್ದದ್ದು ಒಂದೇ: ಗಂಟಲು. ಹಿಂದಿನ ಬಾಗಿಲಲ್ಲಿ ನಿಂತು ಅವರು "ಹೋಲ್ಡಾನ್" ಎಂದರೆ ಬಸ್ಸಷ್ಟೇ ಅಲ್ಲ, ಪಕ್ಕದ ಲಾರಿಯೂ ನಿಲ್ಲುತ್ತಿತ್ತಂತೆ, ಸೈಕಲ್ಲಿನ ಹಾಲಿನವನೂ ಕಾಲು ಊರುತ್ತಿದ್ದನಂತೆ. ಮಾವನನ್ನು ಕಟ್ಟಿಕೊಂಡ ತಪ್ಪಿಗೆ ಅವರ ಹೆಂಡತಿ ಬೀದಿಗೆಲ್ಲ ಅತ್ತೆಯಾಗಿದ್ದರು.

ನಿವೃತ್ತಿಯ ನಂತರ ಆ ಮಹಾಕಂಠ ಒಬ್ಬರೇ ಶ್ರೋತೃವಿಗೆ ಮೀಸಲಾಯಿತು. ಅತ್ತೆ ಹಾಸಿಗೆ ಹಿಡಿದರು, ಕಣ್ಣೂ ಮಂಜಾಯಿತು. ವಾರಪತ್ರಿಕೆಯ ಧಾರಾವಾಹಿಯನ್ನು ಮಾವನೇ ಓದಿಹೇಳಬೇಕಾಯಿತು. ಗುಂಡಿ, ದಾರ, ಸೂಜಿ ಮಾರುವ ಒಬ್ಬ ಹೆಂಗಸಿನ ಕಥೆ ಅದು. ಅಂಗಡಿ, ಅಂಗಡಿಯ ಹಿಂದಿನ ಕೋಣೆ, ಇವೆರಡನ್ನು ಬಿಟ್ಟು ಅವಳು ಎಲ್ಲಿಗೂ ಹೋದವಳಲ್ಲ. ಅವಳ ಪಿಸುಮಾತೆಲ್ಲ ಮಾವನ ಬಾಯಲ್ಲಿ ಬಸ್ ನಿಲ್ದಾಣದ ಘೋಷಣೆಯಾಗುತ್ತಿತ್ತು. "ಅವಳು ಮೆಲ್ಲನೆ ನಿಟ್ಟುಸಿರು ಬಿಟ್ಟಳು" ಎಂದು ಅವರು ಗರ್ಜಿಸಿದರೆ ಮಹಡಿ ಮನೆಯ ಮಗು ಬೆಚ್ಚಿ ಅಳುತ್ತಿತ್ತು.

"ರೀ, ಆ ನಿಟ್ಟುಸಿರಿಗೆ ಪಕ್ಕದ ಮನೆ ಬಟ್ಟೆ ಎಲ್ಲ ಹಾರಿಹೋಯ್ತು," ಎಂದು ಅತ್ತೆ ದಿಂಬಿನಿಂದಲೇ ನಗುತ್ತಿದ್ದರು.

ಹೀಗೇ ನಡೆದಿದ್ದರೆ ಚೆನ್ನಾಗಿತ್ತು. ಆದರೆ ಗುಂಡಿ ಅಂಗಡಿಯವಳಿಗೂ ಕಾಯಿಲೆ ಬಂತು.

"ನೋಡ್ತಿರಿ, ಎದ್ದು ಬಂದು ಬಾಗಿಲು ತೆಗೀತಾಳೆ," ಎಂದರು ಅತ್ತೆ. "ಅವಳು ಎದ್ದಳು ಅಂದ್ರೆ ನಾನೂ ಎದ್ದ ಹಾಗೇ."

ಡಾಕ್ಟರು ಆಗಲೇ ಕೈ ಚೆಲ್ಲಿದ್ದರು. ಮಾವ ಡಾಕ್ಟರನ್ನು ಬಿಟ್ಟು ಧಾರಾವಾಹಿ ಬರೆಯುತ್ತಿದ್ದ ಕಾದಂಬರಿಕಾರ್ತಿಯನ್ನು ನಂಬಿದರು.

ಆಕೆ ಗ್ರಂಥಾಲಯದ ಸಭಾಂಗಣಕ್ಕೆ ಬರುವ ಸುದ್ದಿ ಪತ್ರಿಕೆಯಲ್ಲೇ ಇತ್ತು. ಇನ್ನೊಬ್ಬ ಕಥೆಗಾರರೂ ಇರುತ್ತಾರೆ. ಇಬ್ಬರೂ ತಾವು ಬರೆಯುವ ಬಗೆಯ ಕುರಿತು ಮಾತಾಡಿ, ತಮ್ಮ ಬರಹ ಓದುತ್ತಾರೆ. ಮಾವ ಪಕ್ಕದ ಮನೆಯಾಕೆಯನ್ನು ಅತ್ತೆಯ ಬಳಿ ಕೂರಿಸಿ, "ಪಿಂಚಣಿ ಕಚೇರೀಲಿ ಕೆಲಸ ಇದೆ" ಎಂದು ಸುಳ್ಳು ಹೇಳಿ, ಇಸ್ತ್ರಿ ಮಾಡಿದ ಅಂಗಿಯನ್ನೇ ಕವಚವಾಗಿ ತೊಟ್ಟು ದಂಡಯಾತ್ರೆಗೆ ಹೊರಟರು.

ವೇದಿಕೆಯ ಮೇಲೆ ಕಥೆಗಾರರು ಗಡ್ಡ ನೀವಿಕೊಂಡು, "ಪಾತ್ರಗಳು ನನ್ನ ಮಾತು ಕೇಳೋದಿಲ್ಲ. ಅವು ಎಳೆದ ಕಡೆಗೆ ನಾನು ಹೋಗ್ತೀನಿ," ಎನ್ನುತ್ತಿದ್ದರು.

"ಡ್ರೈವರೇ ಇಲ್ಲದ ಗಾಡಿ!" ಎಂದರು ಮಾವ ಪಕ್ಕದವರಿಗೆ, ಗುಟ್ಟಾಗಿ. ಮುಂದಿನ ಸಾಲೆಲ್ಲ ತಿರುಗಿ ನೋಡಿತು.

ಕಾದಂಬರಿಕಾರ್ತಿಯದು ಸಣ್ಣ ದನಿ. "ನಾನು ಪ್ರತಿ ಸಾಲನ್ನೂ ಬಾಯಿಬಿಟ್ಟು ಓದ್ಕೋತೀನಿ. ನಾಲಿಗೆಗೆ ಸುಳ್ಳು ಅನ್ನಿಸಿದ್ದನ್ನ ಹೊಡೆದುಹಾಕ್ತೀನಿ. ಅಷ್ಟೇ ನನಗೆ ಗೊತ್ತಿರೋದು," ಎಂದರು. ಆಮೇಲೆ, "ಇದು ಧಾರಾವಾಹಿಯ ಕೊನೆಯ ಕಂತು, ಮುಂದಿನ ವಾರ ಬರುತ್ತೆ," ಎಂದು ಹಾಳೆ ತೆರೆದರು.

"ಆ ಬೆಳಿಗ್ಗೆ ಅವಳು ಅಂಗಡಿಯ ಬಾಗಿಲು ತೆರೆಯಲಿಲ್ಲ. ಬಿಸಿಲು ತಾನಾಗಿ ಸಂದಿಯಿಂದ ಒಳಬಂದು, ಅವಳ ಪಾದದ ಹತ್ತಿರ..."

"ಹೋಲ್ಡಾನ್!"

ಸಭಾಂಗಣವೇ ಬ್ರೇಕ್ ಹಾಕಿತು. ಕಥೆಗಾರರು ಕುಡಿಯುತ್ತಿದ್ದ ನೀರು ಗಂಟಲಲ್ಲೇ ನಿಂತಿತು.

"ಅವಳನ್ನ ಸಾಯಿಸಬೇಡಿ ತಾಯಿ," ಎಂದರು ಮಾವ.

ಜನ ಗೊಳ್ಳೆಂದರು. ಕೆಮ್ಮು ಸುಧಾರಿಸಿಕೊಂಡ ಕಥೆಗಾರರು, "ಪ್ರಶ್ನೆಗಳು ಕೊನೆಗೆ, ಯಜಮಾನರೇ," ಎಂದರು.

"ಕೊನೆಗೆ ಕೇಳಿದ್ರೆ ಅವಳೇ ಇರಲ್ವಲ್ಲ ಸ್ವಾಮಿ!" ನಗು ಇನ್ನೂ ಜೋರಾಯಿತು. ಮಾವ ಅದರ ಮೇಲೆಯೇ ಹೇಳಿದರು: "ಮನೇಲಿ ನನ್ನ ಹೆಂಡತಿ ಮಲಗಿದಾಳೆ. ಇವಳು ಎದ್ರೆ ತಾನೂ ಏಳ್ತೀನಿ ಅಂತ ಹಟ ಹಿಡಿದಿದಾಳೆ. ಪೆನ್ನು ನಿಮ್ಮ ಕೈಲೇ ಇದೆಯಲ್ಲಮ್ಮ. ಒಂದು ನಾಲ್ಕು ಸಾಲು ಬದಲಾಯಿಸಿ."

ನಗುವವರು ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು.

ಕಾದಂಬರಿಕಾರ್ತಿ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡರು. "ಅಣ್ಣಾ, ಅವಳು ನಮ್ಮಮ್ಮ. ಗುಂಡಿ ಅಂಗಡಿ ನಮ್ಮದೇ. ಎಷ್ಟು ಸಲ ಬದುಕಿಸಿ ಬರೆದು ನೋಡಿದೆ ಗೊತ್ತಾ? ಎಬ್ಬಿಸಿ ಕೂರಿಸಿದೆ, ಊಟ ಮಾಡಿಸಿದೆ. ಓದ್ಕೊಂಡ್ರೆ ನಾಲಿಗೆಯೇ ಹೊರಳಲ್ಲ."

"ಓದಿ ತಾಯಿ," ಎಂದು ಮಾವ ಕೂತರು. ಪೂರ್ತಿ ಕೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವರ ಕೈ ಮಡಿಲಲ್ಲೇ ಇತ್ತು.

ಪತ್ರಿಕೆ ಬಂದ ಬೆಳಿಗ್ಗೆ ಮಾವ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು, ಕನ್ನಡಕ ಏರಿಸಿ, ಅಲ್ಲಿ ಇಲ್ಲದ್ದನ್ನು ಓದತೊಡಗಿದರು.

"ಆ ಬೆಳಿಗ್ಗೆ ಅವಳು ಎದ್ದು, ತಲೆ ಬಾಚಿಕೊಂಡು, ಅಂಗಡಿಯ ಬಾಗಿಲು ತೆರೆದಳು. ಆಮೇಲೆ..."

ಆಮೇಲೆ ಏನು? ಬದುಕೆಲ್ಲ ಹಿಂಬಾಗಿಲಿಗೆ ಜೋತುಬಿದ್ದಿದ್ದ ನೂತನ ಸಾಹಿತಿಗೆ ಹೊಳೆಯುವುದಾದರೂ ಇನ್ನೇನು? "ಆಮೇಲೆ ಬಸ್ ಹತ್ತಿದಳು. ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಸೇತುವೆ ದಾಟಿತು. ಮಾರ್ಕೆಟ್ ಬಂತು. ಆಸ್ಪತ್ರೆಯ ಸ್ಟಾಪಿನಲ್ಲಿ ಬಸ್ಸು ನಿಲ್ಲಲೇ ಇಲ್ಲ..."

ಎಂದೂ ಇಲ್ಲದಷ್ಟು ಮೆಲ್ಲಗೆ ಓದುತ್ತಿದ್ದರು. ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದರು.

"ರೀ, ಅವಳು ಬಸ್ ಹತ್ತಿದವಳೇ ಅಲ್ಲ."

"ಈಗ ಹತ್ತಿದಾಳೆ. ಇಲ್ಲಿ ಬರೆದಿದೆ."

"ಟಿಕೆಟ್ ತಗೊಂಡಳಾ?"

"ಅವಳ ಹತ್ರ ಯಾರು ಕೇಳ್ತಾರೆ ಬಿಡು."

"ನನ್ನ ತವರಿನವರಿಗೂ ಟಿಕೆಟ್ ಹರಿದ ಮಹಾನುಭಾವರು!" ಅತ್ತೆ ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಗಂಡನ ಕೈ ಹುಡುಕಿ ಹಿಡಿದುಕೊಂಡರು. "ಎಲ್ಲಿ ತನಕ ಕೂರಿಸ್ಕೊಂಡು ಹೋಗ್ತೀರಿ ಪಾಪ? ಸುಸ್ತಾಗಿದಾಳೆ. ಇಳಿಸಿಬಿಡಿ."

"ಸ್ಟಾಪ್ ಬಂದಿಲ್ಲ ಕಣೇ."

"ಬಂದಿದೆ. ನೀವು ಆ ಕಡೆ ನೋಡ್ತಾ ಇಲ್ಲ. ಅಲ್ಲೇನು ಬರೆದಿದೆಯೋ ಅದನ್ನ ಓದಿ."

ಮಾವ ಮೊದಲಿನಿಂದ ಓದಿದರು. ತೆರೆಯದ ಬಾಗಿಲು, ಸಂದಿಯ ಬಿಸಿಲು, ಗುಂಡಿ ತುಂಬಿದ ಗಾಜಿನ ಭರಣಿಗಳ ನಡುವೆ ಮಗಳನ್ನು ಕರೆಯಲೂ ಆಗದೆ ಮೆಲ್ಲಗೆ ನಿಂತ ಉಸಿರು. ಅಲ್ಲಲ್ಲಿ ನಿಂತರು, ಮತ್ತೆ ಹೊರಟರು, ಒಂದಕ್ಷರವನ್ನೂ ಬಿಡಲಿಲ್ಲ.

"ಅಷ್ಟೇನಾ?" ಎಂದರು ಅತ್ತೆ.

"ಅಷ್ಟೇ."

"ಹೆದರ್ಕೊಳ್ಳೋ ಅಂಥದ್ದೇನೂ ಇಲ್ವಲ್ಲ ರೀ."

ಮಾವ ನೀರು ತರುವ ನೆಪ ಮಾಡಿ ಅಡುಗೆಮನೆಗೆ ಹೋದರು. ನಲ್ಲಿ ತಿರುಗಿಸಿ ಲೋಟ ಹಿಡಿದರು. ಲೋಟ ತುಂಬಿ, ಉಕ್ಕಿ, ತೋಳಿನ ಮೇಲೆ ಹರಿಯುತ್ತಿದ್ದರೂ ಅಲ್ಲೇ ನಿಂತಿದ್ದರು.

"ರೀ, ನೀರು ಪೋಲಾಗ್ತಿದೆ," ಎಂದು ಒಳಗಿನಿಂದ ದನಿ ಬಂತು.