ಹಳೇ ಊರಿನ ಮುಂದೆ ಕಿವಿ ಮುಟ್ಟಿದ್ದಕ್ಕೆ ಕೋರ್ಟಿಗೆ ಹೋದೆ

ಮಾಡದೇ ಇರುವ ತಪ್ಪಿಗೆ ಟ್ರಾಫಿಕ್ ಪೊಲೀಸರು ನಿಮ್ಮ ಕೈಗೆ ಚಲನ್ ಕೊಟ್ಟಿದ್ದಾರಾ? "ಹೋಗ್ಲಿ ಬಿಡ್ರಿ, ಕಟ್ಟಿ ಮನಿಗಿ ಹೋಗ್ರಿ" ಅಂತ ಮನೆಯವರು, ಓಣಿಯವರು, ಕಡೆಗೆ ಆ ಪೊಲೀಸಪ್ಪನೂ ಅಂದಿದ್ದಾನಾ? ನನಗೆ ಆಗಿದೆ. ನಾನು ಕಟ್ಟಲಿಲ್ಲ. ಗಡಿಯಾಚೆ ಮರಾಠಿ ಸೀಮೆಯ ನಿಲಂಗಾದ ಕೋರ್ಟಿನ ಕಟಕಟೆಯಲ್ಲಿ ನಿಂತು ಬಂದೆ. ಹೋದ ವಾರ ಇದನ್ನು ಇಲ್ಲಿ ಎರಡು ಸಾಲಿನಲ್ಲಿ ಬರೆದು ಹಾಕಿದ್ದಕ್ಕೆ "ಪೂರ್ತಿ ಹೇಳಿ" ಅಂತ ಜೀವ ತಿಂದಿರಿ. ಹೇಳುತ್ತೇನೆ, ಉದ್ದ ಆಗುತ್ತದೆ, ಆಮೇಲೆ ಬೈಯಬೇಡಿ.

ಮೊದಲು ನನ್ನ ಕೆಲಸದ ಬಗ್ಗೆ. ನಾನು ಶಾಲೆಯ ವ್ಯಾನ್ ಓಡಿಸುತ್ತೇನೆ. ನಮ್ಮೂರಿನ ಮತ್ತು ಪಕ್ಕದ ಎರಡು ಹಳ್ಳಿಯ ಮಕ್ಕಳನ್ನು ಬೆಳಿಗ್ಗೆ ನಿಲಂಗಾಕ್ಕೆ ಬಿಡುವುದು, ಸಂಜೆ ಕರೆದುಕೊಂಡು ಬರುವುದು. ತವರು ಬಸವಕಲ್ಯಾಣದ ಕಡೆ. ಅಣ್ಣನ ಟೆಂಪೋ ಕದ್ದು ಓಡಿಸಿ ಕಲಿತವಳು. ಮದುವೆಯಾಗಿ ಈ ಕಡೆ ಬಂದು, ಗಂಡನ ಹಿಟ್ಟಿನ ಗಿರಣಿಯಲ್ಲಿ ಕೂತು ಕೂತು ಬೇಸತ್ತು, ವ್ಯಾನ್ ತೆಗೆದುಕೊಂಡೆ. ಮೊದಮೊದಲು ಊರವರು ನಕ್ಕರು. ಆಮೇಲೆ ತಾಯಂದಿರೇ "ಹೆಣ್ಮಗಳ ಕೈಯಾಗ ಗಾಡಿ ಇದ್ರ ನಮಗ ಚಿಂತಿಲ್ಲ" ಅನ್ನತೊಡಗಿದರು. ಆ ಮಾತೇ ನನ್ನ ಬಂಡವಾಳ, ಅದು ನೆನಪಿರಲಿ.

ಇನ್ನು ನಮ್ಮೂರು. ಭೂಕಂಪದಲ್ಲಿ ಹಳೇ ಊರು ನೆಲಕ್ಕೆ ಬಿತ್ತು. ಸರ್ಕಾರ ಸ್ವಲ್ಪ ದೂರದಲ್ಲಿ ಹೊಸ ಊರು ಕಟ್ಟಿಸಿಕೊಟ್ಟಿತು. ನೇರ ಗಲ್ಲಿಗಳು, ಒಂದೇ ಥರದ ಮನೆಗಳು. ಹೊಸದಾಗಿ ಬಂದಾಗ ನಾನೇ ಎರಡು ಸಲ ಬೇರೆಯವರ ಮನೆಗೆ ನುಗ್ಗಿ ನೀರಿನ ಕೊಡ ಇಳಿಸಿದ್ದೇನೆ. ಹಳೇ ಊರಿದ್ದ ಜಾಗದಲ್ಲಿ ಈಗ ಜಾಲಿ ಬೆಳೆದಿದೆ, ಕಲ್ಲಿನ ಗುಪ್ಪೆಗಳಿವೆ. ನಿಲಂಗಾದ ರಸ್ತೆ ಅದರ ಮಗ್ಗುಲಲ್ಲೇ ಹೋಗುತ್ತದೆ. ಅದರ ಮುಂದೆ ಹಾಯುವಾಗ ನಮ್ಮೂರಿನವರು ಬಸ್ಸಿನಲ್ಲಿರಲಿ, ಸೈಕಲ್ಲಿನ ಮೇಲಿರಲಿ, ಬಲಗೈ ಎತ್ತಿ ಕಿವಿ ಮುಟ್ಟಿ, ಗಲ್ಲ ಮುಟ್ಟಿ, ಬಾಯಲ್ಲೇ "ಹೋಗಿ ಬರ್ತೀವ್ರೀ" ಅನ್ನುತ್ತಾರೆ. ಮನೆಯಿಂದ ಹೊರಡುವಾಗ ಹಿರಿಯರಿಗೆ ಹೇಳಿ ಹೋಗುವುದಿಲ್ಲವೇ, ಹಾಗೆ. ನಾನು ಆ ಊರನ್ನು ಕಂಡವಳಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ ಬಸ್ಸಿನಲ್ಲಿ ನನ್ನ ಕೈ ಹಿಡಿದು ಕಿವಿಗೆ ಹಚ್ಚಿ, "ಇಲ್ಲಿ ಹೇಳಿ ಹೋಗೂದೈತಿ ನೋಡವ್ವ" ಅಂದಿದ್ದರು. ಅಷ್ಟೇ. ಅಂದಿನಿಂದ ಕೈ ತಾನಾಗಿಯೇ ಏಳುತ್ತದೆ.

ಅವತ್ತು ಬೆಳಿಗ್ಗೆಯೂ ಎದ್ದಿತು. ಜಾಲಿಯ ತಿರುವು ದಾಟುತ್ತಿದ್ದಂತೆ ಪೊಲೀಸ್ ಸೀಟಿ. ಹೊಸ ಹವಾಲ್ದಾರ, ಕೊಂಕಣದ ಕಡೆಯಿಂದ ಬದಲಿಯಾಗಿ ಬಂದವನು. ಅವನದೆಲ್ಲ ಮರಾಠಿ. ನಿಮಗಾಗಿ ಕನ್ನಡದಲ್ಲೇ ಬರೆಯುತ್ತೇನೆ, "ಬಾಯಿ" ಅಂದರೆ ಅಕ್ಕಾ ಅಂದ ಹಾಗೆ.

"ಬಾಯಿ, ಮಕ್ಕಳನ್ನು ಕೂರಿಸಿಕೊಂಡು ಫೋನಲ್ಲಿ ಮಾತಾಡುತ್ತೀರಾ?"

"ಫೋನ್ ಎಲ್ಲಿದೆ ಸಾಹೇಬರೇ? ದೇವರಿಗೆ ಕೈ ಮುಗಿದೆ."

ಅವನು ಸುತ್ತ ನೋಡಿದ. ಜಾಲಿ, ಕಲ್ಲು, ಒಂದು ಎಮ್ಮೆ. "ಯಾವ ದೇವರು? ಆ ಎಮ್ಮೆಯಾ?"

ಹಿಂದಿನ ಮಕ್ಕಳು ಕಿಸಕ್ಕನೆ ನಕ್ಕರು. ಫೋನು ಸ್ಟೀರಿಂಗ್ ಪಕ್ಕದ ಗೂಡಿನಲ್ಲಿತ್ತು. ಅದನ್ನು ನೋಡಿದವನೇ "ಇದೇನು ಮತ್ತೆ?" ಅಂದ. ಕೈ ಕಿವಿಯ ಮೇಲೆ, ತುಟಿ ಅಲುಗಾಡುತ್ತಿದೆ, ಫೋನು ಕೈಗೆಟುಕುವಲ್ಲಿ. ನಾನೇ ಪೊಲೀಸಾಗಿದ್ದರೂ ನಂಬುತ್ತಿರಲಿಲ್ಲ, ನಿಜ ಹೇಳಬೇಕಲ್ಲ. ಚಲನ್ ಬರೆದ, ಲೈಸೆನ್ಸ್ ಇಟ್ಟುಕೊಂಡ, ಕೇಸು ಮುಗಿಯುವ ತನಕ ತೋರಿಸಿ ಓಡಿಸಲಿಕ್ಕೆ ಅದರ ಬದಲು ಒಂದು ರಸೀದಿ ಕೊಟ್ಟ.

ಗಂಡ ಹಿಟ್ಟು ಮೆತ್ತಿದ ಮುಖ ಎತ್ತಿ, "ಕಟ್ಟಿ ಬಾ. ಲೋಕ ಅದಾಲತ್‌ನಾಗ ಕಟ್ಟಿದ್ರ ಕಮ್ಮಿ ಮಾಡ್ತಾರ" ಅಂದ.

ಕಟ್ಟಬಹುದಿತ್ತು. ಆದರೆ ಕಟ್ಟಿದರೆ ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡರೆ ಲೈಸೆನ್ಸ್ ಮೂರು ತಿಂಗಳು ಬಂದ್. ಅಷ್ಟರಲ್ಲಿ ನನ್ನ ವ್ಯಾನಿನ ಮಕ್ಕಳನ್ನೆಲ್ಲ ಬೇರೆ ವ್ಯಾನಿನವರು ಕರೆದುಕೊಂಡು ಹೋಗುತ್ತಾರೆ. ಅದಕ್ಕಿಂತ ದೊಡ್ಡದು, ತಾಯಂದಿರ ಆ ಮಾತು. ಸಂಜೆಯೊಳಗೆ ಚಲನ್ ಸುದ್ದಿ ಊರೆಲ್ಲ ತಿರುಗಿ ಬಂತು. ಎದುರು ಮನೆಯವಳು ಬಾಗಿಲಲ್ಲೇ ನಿಂತು, "ನಾಳಿಂದ ನಮ್ಮ ಹುಡುಗಿನ್ನ ಬಸ್ಸಿಗಿ ಕಳಸ್ತೀನಿ. ಫೋನಿನ್ಯಾಗ ಮಾತಾಡೋರ ಕೈಯಾಗ ಕೂಸಿನ್ನ ಕೊಡಂಗಿಲ್ಲ ನಾ" ಅಂದಳು.

"ನಾ ಮಾತಾಡಿಲ್ಲ."

"ಮಾತಾಡಿದೋರೆಲ್ಲಾ ಹಂಗೇ ಅಂತಾರ."

ಅವಳಿಗೂ ನನಗೂ ಮೊದಲೇ ಅಷ್ಟಕ್ಕಷ್ಟೇ. ಅವಳ ಬಾಗಿಲ ರಂಗೋಲಿಯ ಮೇಲೆ ನನ್ನ ವ್ಯಾನಿನ ಗಾಲಿ ಹಾಯುತ್ತದೆ ಅನ್ನುವುದು ಜಗಳದ ಮೂಲ. ಹಾಯುತ್ತದೆ ಕೂಡ. ಗಲ್ಲಿ ಸಣ್ಣದು, ನಾನೇನು ಮಾಡಲಿ? ಆದರೆ ಅವಳ ಹಿಂದೆ ಇನ್ನೂ ಇಬ್ಬರು ತಾಯಂದಿರು ಮಕ್ಕಳನ್ನು ಬಿಡಿಸಿದಾಗ ನನಗೆ ರಾತ್ರಿ ಊಟ ಸೇರಲಿಲ್ಲ.

ವಕೀಲರು ಸಿಕ್ಕಿದ್ದು ಗಿರಣಿಗೆ ಬರುವ ಗಿರಾಕಿಯೊಬ್ಬರ ಮೂಲಕ. ಉದಗೀರದವರು, ಬಟ್ಟೆ ವ್ಯಾಪಾರದ ಮನೆತನ, ಹಣೆಯ ಮೇಲೆ ಮೂರೆಳೆ ವಿಭೂತಿ. ಕೋರ್ಟಿನ ಹೊರಗೆ ತಗಡಿನ ನೆರಳಿನಲ್ಲಿ ಅವರ ಟೇಬಲ್ಲು. ನಾನು ಮರಾಠಿಯಲ್ಲಿ ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದರು.

"ಕನ್ನಡದಾಗ ಹೇಳ್ ತಂಗಿ. ಮುಂಜಾನಿಂದ ಮರಾಠಿ ಮಾತಾಡಿ ಬಾಯಿ ಒಣಗ್ಯಾದ. ಮೊದಲ ಇದು ಹೇಳು, ಫೋನ್ ಹಚ್ಚಿದ್ದೇನ್ ಇಲ್ಲೇನ್? ನನ್ ಮುಂದ ಸುಳ್ಳ ಹೇಳಬ್ಯಾಡ. ಸುಳ್ಳ ಹೇಳೂದಿದ್ರ ನಾ ಹೇಳ್ತೀನಿ, ಅದು ನನ್ ಧಂದಾ."

"ಹಚ್ಚಿಲ್ರೀ. ಹಳೇ ಊರಿಗಿ ಹೇಳಿ ಹೊಂಟಿದ್ದೆ."

"ಯಾರಿಗಿ ಹೇಳಿ?"

ಹೇಳಿದೆ. ಅವರು ನಗಲಿಲ್ಲ, ಚಹಾ ತರಿಸಿದರು. ಸಂಜೆ ತಮ್ಮ ಉದಗೀರದ ಬಸ್ಸು ಬಿಟ್ಟು, ನನ್ನ ವ್ಯಾನಿನಲ್ಲೇ ನಮ್ಮೂರಿಗೆ ಬಂದರು. ಜಾಲಿಯ ತಿರುವಿನಲ್ಲಿ ಹಿಂದೆ ಕೂತು ಗದ್ದಲ ಮಾಡುತ್ತಿದ್ದ ಮಕ್ಕಳು ಒಂದು ಗಳಿಗೆ ಸುಮ್ಮನಾಗಿ, ಕಿವಿ ಮುಟ್ಟಿ, ಗಲ್ಲ ಮುಟ್ಟಿ, ಮತ್ತೆ ಗದ್ದಲಕ್ಕೆ ಬಿದ್ದವು. ಯಾರೂ ಹೇಳಿಕೊಟ್ಟದ್ದಲ್ಲ. ವಕೀಲರು ಪೂರ್ತಿ ತಿರುಗಿ ಕೂತು ನೋಡಿದರು.

"ಮಕ್ಕಳನ್ನ ಸಾಕ್ಷಿಗಿ ಕರೀತೀರೇನ್ರೀ?" ಅಂತ ಕೇಳಿದೆ.

"ಛೇ, ಸಣ್ಣ ಕೂಸುಗಳಿಗಿ ಕೋರ್ಟ್ ಯಾಕ? ನನಗ ಬೇಕಾಗಿದ್ದು ನಿನಗ ಆಗಲಾರದೋರು ಒಬ್ರು. ನಿನ್ನ ಮಂದಿ ಹೇಳಿದ್ರ ಯಾರ್ ನಂಬ್ತಾರ? ಊರಾಗ ನಿನಗ ಬೈಯೋರು ಯಾರ್ ಅದಾರ?"

"ಕಮ್ಮಿ ಏನ್ ಇಲ್ರೀ."

"ಎಲ್ಲಾರಕಿಂತ ಜಾಸ್ತಿ?"

ನಮ್ಮ ಗಲ್ಲಿಗೆ ಬಂದ ಮೇಲೆ ಎದುರು ಮನೆಯ ಬಾಗಿಲು ತೋರಿಸಿದೆ. ಅವರು ಸೀದಾ ಹೋಗಿ ಅವಳ ಕಟ್ಟೆಯ ಮೇಲೆ ಕೂತರು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ನಮ್ಮ ಬಾಗಿಲ ಸಂದಿಯಿಂದ ಅವಳು ತಲೆ ಅಲ್ಲಾಡಿಸುವುದು, ಅವರು ನಗುವುದು, ಅವಳು ಒಳಗಿಂದ ಚಹಾ ತರುವುದು ಅಷ್ಟೇ ಕಂಡಿತು. ಅವಳ ಕಟ್ಟೆಯ ಮೇಲೆ ನನಗೆ ಒಂದು ದಿನವೂ ನೀರು ಸಿಕ್ಕಿದ್ದಿಲ್ಲ.

ಕೋರ್ಟಿನಲ್ಲಿ ಮೊದಲ ದಿನ ಕೇಳುವುದು ಒಂದೇ ಮಾತು, ಮರಾಠಿಯಲ್ಲಿ: ಗುನ್ಹಾ ಕಬೂಲ್ ಆಹೇ ಕಾ? ತಪ್ಪು ಒಪ್ಪುತ್ತೀಯಾ? ನನ್ನ ಮುಂದಿನವರೆಲ್ಲ ಕಬೂಲ್, ಕಬೂಲ್ ಅಂದು ಸಾಲಾಗಿ ಹೋದರು. ನಾನು "ಕಬೂಲ್ ನಾಹೀ" ಅಂದಾಗ ಹಿಂದೆ ನಿಂತ ಟಂಟಂ ಆಟೋದ ಡ್ರೈವರ್ ಒಬ್ಬ "ಹೋತು, ಈಕಿ ಇಲ್ಲೇ ಮುದುಕಿ ಆಗ್ತಾಳ" ಅಂದ. ತಾರೀಖಿನ ಮೇಲೆ ತಾರೀಖು ಬಿದ್ದವು. ಒಮ್ಮೆ ಹವಾಲ್ದಾರ ಬಂದೋಬಸ್ತಿಗೆ ಹೋಗಿದ್ದ, ಒಮ್ಮೆ ನ್ಯಾಯಾಧೀಶೆ ರಜೆಯ ಮೇಲೆ, ಒಮ್ಮೆ ಕರೆಂಟೇ ಇರಲಿಲ್ಲ. ಪ್ರತಿ ಸಲವೂ ಗಂಡ "ಅವತ್ತೇ ಕಟ್ಟಿದ್ರ..." ಅಂತ ಶುರು ಮಾಡುತ್ತಿದ್ದ, ನಾನು ಗಿರಣಿಯ ಸ್ವಿಚ್ ಹಾಕುತ್ತಿದ್ದೆ. ಆ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲ.

ಕಡೆಗೊಂದು ದಿನ ಎಲ್ಲರೂ ಒಟ್ಟಿಗೆ ಸಿಕ್ಕರು. ಅಲ್ಲಿನ ಮರಾಠಿಯನ್ನೂ ಕನ್ನಡದಲ್ಲೇ ಬರೆಯುತ್ತೇನೆ. ನಮ್ಮ ವಕೀಲರು ಹವಾಲ್ದಾರನಿಗೆ ಬಹಳ ಮೆತ್ತಗೆ ಕೇಳಿದರು. "ಕೈ ಎಲ್ಲಿತ್ತು?"

"ಕಿವಿಯ ಮೇಲೆ."

"ಕೈಯಲ್ಲಿ ಏನಿತ್ತು?"

ಅವನು ಯೋಚಿಸಿದ. ಇಲ್ಲಿ ಅವನನ್ನು ಮೆಚ್ಚಬೇಕು. "ಕೈ ಕಂಡಿತು, ತುಟಿ ಅಲುಗಾಡುವುದು ಕಂಡಿತು. ಫೋನು ಗೂಡಿನಲ್ಲಿ ನೋಡಿದೆ. ಕೈಯಲ್ಲಿ ನೋಡಿದೆ ಅಂತ ಹೇಳಲಾರೆ" ಅಂದ.

ಆಮೇಲೆ ಎದುರು ಮನೆಯವಳು. ಹಸಿರು ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಬಂದಿದ್ದಳು. ಕಟಕಟೆ ಹತ್ತುವ ಮೊದಲು ನನ್ನ ಹತ್ತಿರ ನಿಂತು ಹೇಳಿದಳು, "ನಿನ್ ಸಲುವಾಗಿ ಬಂದೀನಿ ಅಂತ ತಿಳೀಬ್ಯಾಡ. ಕೇಳಿದ್ದಕ್ಕ ಖರೇ ಹೇಳಾಕ ಬಂದೀನಿ."

ನಮ್ಮ ವಕೀಲರು ಹೆಸರು, ಊರು ಅಷ್ಟೇ ಕೇಳಿ ಕೂತರು. ಸರ್ಕಾರಿ ವಕೀಲರು ಅವಳನ್ನು ಕೆದಕಿದರು. "ನಿಮ್ಮ ಮಗಳು ಇವರ ವ್ಯಾನಿನಲ್ಲಿ ಹೋಗುತ್ತಾಳಾ?"

"ಇಲ್ರೀ, ಬಿಡಿಸೀನಿ."

"ಯಾಕೆ?"

"ಫೋನಿನ್ಯಾಗ ಮಾತಾಡ್ಯಾಳ ಅಂತ ಕೇಳಿದ್ದೆ."

ಅವರು ಖುಷಿಯಾಗಿ ಕೂತರು. ಈ ಉದಗೀರದ ಮನುಷ್ಯ ನನ್ನನ್ನು ಮುಳುಗಿಸಿದ ಅನ್ನಿಸಿತು. ನಮ್ಮ ವಕೀಲರು ನಿಧಾನಕ್ಕೆ ಎದ್ದರು.

"ಬಾಯಿ, ಹಳೇ ಊರಿನ ಮುಂದೆ ನೀವು ಹಾಯುವಾಗ ಏನು ಮಾಡುತ್ತೀರಿ?"

ಅವಳು ಸೆರಗು ಸರಿಸಿದಳು. ಬಲಗೈ ಎದ್ದಿತು, ಕಿವಿ ಮುಟ್ಟಿತು, ಗಲ್ಲ ಮುಟ್ಟಿತು, ತುಟಿ ಅಲುಗಾಡಿತು. ಹವಾಲ್ದಾರ ಅವಳನ್ನೇ ನೋಡುತ್ತಿದ್ದವನು ತಲೆ ತಗ್ಗಿಸಿದ.

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. "ಅಲ್ಲಿ ಗುಡಿ ಇದೆಯಾ?"

"ಇಲ್ರೀ."

"ಮತ್ತೆ ಯಾರಿದ್ದಾರೆ ಅಲ್ಲಿ?"

"ನಮ್ಮವ್ವ ಅದಾಳ್ರೀ." ಯಾವ ಊರಿಗೆ ಯಾವ ಬಸ್ಸು ಅಂತ ಹೇಳುವ ದನಿಯಲ್ಲೇ ಅವಳು ಅಂದಳು. ಭೂಕಂಪವಾದಾಗ ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ. ಇಷ್ಟು ವರ್ಷ ಎದುರು ಬದುರು ಮನೆ, ರಂಗೋಲಿಗೆ ಜಗಳ. ನನಗೆ ಇದು ಗೊತ್ತೇ ಇರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಫೋನಿನ ಕೇಸು ಬಿದ್ದುಹೋಯಿತು. ಲೈಸೆನ್ಸ್ ವಾಪಸು ಕೊಡಲು ಹೇಳಿದರು. ಆದರೆ ನ್ಯಾಯಾಧೀಶೆ ನನ್ನನ್ನು ಸುಮ್ಮನೆ ಬಿಡಲಿಲ್ಲ. "ಹಿಂದೆ ಅಷ್ಟು ಮಕ್ಕಳನ್ನು ಕೂರಿಸಿಕೊಂಡು ತಿರುವಿನಲ್ಲಿ ಕೈ ಬಿಡುತ್ತೀರಲ್ಲ, ಬುದ್ಧಿ ಬೇಡವಾ? ಮನಸ್ಸಿನಲ್ಲೇ ಹೇಳಿಕೊಳ್ಳಿ. ಎರಡೂ ಕೈ ಸ್ಟೀರಿಂಗ್ ಮೇಲಿರಲಿ." ಅದು ಸರಿಯಾದ ಮಾತು.

ಹೊರಗೆ ವಕೀಲರು "ನೋಡ್ದಿ ತಂಗಿ, ಒಂದ್ ಸುಳ್ಳಾ ಹೇಳಲಿಕ್ಕಿ ಆಗಲಿಲ್ಲ, ನನ್ ಧಂದಾ ಹಾಳ್ ಮಾಡ್ದಿ" ಅನ್ನುತ್ತಾ ಉದಗೀರದ ಬಸ್ಸಿಗೆ ಓಡಿದರು. ಎದುರು ಮನೆಯವಳು ಬಸ್ ಸ್ಟ್ಯಾಂಡಿನ ಕಡೆ ಹೊರಟಿದ್ದಳು. ನಾನು ವ್ಯಾನು ಪಕ್ಕಕ್ಕೆ ತಂದು ಬಾಗಿಲು ತೆರೆದೆ.

"ಹತ್ತು."

"ಬಸ್ ಅದ."

"ಬಸ್ಸಿಗಿ ಇನ್ನಾ ಭಾಳ್ ಹೊತ್ತದ. ಹತ್ತು, ನಾ ಏನ್ ತಿನ್ನಂಗಿಲ್ಲ ನಿನ್ನ."

ಮುಂದೆ ಕೂತಳು, ಮುಖ ಕಿಟಕಿಯ ಕಡೆ. ದಾರಿ ಪೂರ್ತಿ ಸೋಯಾಬೀನ್ ಹೊಲಗಳನ್ನೇ ನೋಡಿದಳು. ಜಾಲಿಯ ತಿರುವು ಬಂತು. ಹಾಳು ಕೈ, ಮತ್ತೆ ಎದ್ದಿತು. ಅವಳು ಚಟ್ಟನೆ ಹೊಡೆದಳು.

"ಕೈ ಕೆಳಗ ಇಡ! ಈಗರೆ ಬೈಸ್ಕೊಂಡ್ ಬಂದೀದಿ, ನಾಚಿಕಿಲ್ಲ?"

ನಾನು ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದೆ. ಅವಳು ಕಿವಿ ಮುಟ್ಟಿ ಗಲ್ಲ ಮುಟ್ಟಿ "ಹೋಗಿ ಬಂದೀನವ್ವ" ಅಂದಳು. ಒಂದು ಗಳಿಗೆ ಬಿಟ್ಟು ಇನ್ನೊಮ್ಮೆ ಮುಟ್ಟಿದಳು.

"ಅದ್ಯಾಕ ಎರಡ್ ಸಲ?"

"ಎರಡನೇದ್ ನಿಂದು. ಗಾಡಿ ನೋಡಿ ಓಡ್ಸು."

ಮರುದಿನ ಬೆಳಿಗ್ಗೆ ಅವಳ ಮಗಳು ಚೀಲ ಹಾಕಿಕೊಂಡು ರಂಗೋಲಿಯ ಪಕ್ಕ ನಿಂತಿದ್ದಳು. ತಾಯಿ ಒಳಗಿಂದಲೇ ಕೂಗಿದಳು, "ಗಾಲಿ ನೋಡ್ಕೋ!" ಆ ಹುಡುಗಿ ಈಗಲೂ ಮುಂದಿನ ಸೀಟಿನಲ್ಲೇ ಕೂರುತ್ತಾಳೆ. ತಿರುವಿನಲ್ಲಿ ಎರಡು ಸಲ ಕಿವಿ ಮುಟ್ಟುತ್ತಾಳೆ, ನನ್ನ ಕೈ ಅಲುಗಾಡಿದರೆ ಕಣ್ಣು ಬಿಡುತ್ತಾಳೆ. ಬಿಡಿಸಿದ ಇನ್ನಿಬ್ಬರಲ್ಲಿ ಒಬ್ಬಳು ವಾಪಸು ಬಂದಳು. ಇನ್ನೊಬ್ಬಳು ಬರಲಿಲ್ಲ. ಅವಳ ಮನೆಯ ಮುಂದೆ ಹಾಯುವಾಗ ಈಗಲೂ ನಾನು ಸುಮ್ಮನೆ ಒಮ್ಮೆ ಹಾರ್ನ್ ಹೊಡೆಯುತ್ತೇನೆ.

ನನ್ನದು ಇಷ್ಟು. ನೀವು ಯಾವುದಕ್ಕೆ "ಕಬೂಲ್ ಇಲ್ಲ" ಅಂದಿರಿ, ಅಥವಾ ಅನ್ನಬೇಕಿದ್ದ ದಿನ ಅನ್ನದೇ ಕಟ್ಟಿ ಬಂದಿರಿ? ನಿಮ್ಮ ಪರವಾಗಿ ಬಂದು ನಿಂತವರು ಯಾರು? ಕೆಳಗೆ ಬರೆಯಿರಿ. ಉದ್ದ ಆದರೂ ಓದುತ್ತೇನೆ. ಆದರೆ ಗಾಡಿ ಓಡಿಸುತ್ತಿದ್ದರೆ ಮೊದಲು ಪಕ್ಕಕ್ಕೆ ನಿಲ್ಲಿಸಿ.