ಮೇಸ್ತ್ರಿ ಕಲಸಿದ ಊಟ

ನಮ್ಮ ಪಕ್ಕದ ಮನೆಯ ಗಾರೆ ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಕೋಪ. ಅವನು ಗಿಲಾವು ಮಾಡಿದ ಹಸಿ ಗೋಡೆಯನ್ನು ಯಾರಾದರೂ ಮುಟ್ಟಿದರೆ ಮುಗಿಯಿತು, ಮನೆ ಕಟ್ಟಿಸುವ ಯಜಮಾನನೇ ಆದರೂ ಹರಿಹಾಯುತ್ತಾನೆ.

ಮಗಳು ಮೆತ್ತಗಿನ ಊಟ ತಿನ್ನುವ ವಯಸ್ಸಿಗೆ ಬಂದಾಗ ಅಂಗಡಿಯಲ್ಲಿ ಡಬ್ಬಿ ಆಹಾರದ ಬೆಲೆ ಕೇಳಿ ಅವನಿಗೆ ತಲೆ ಕೆಟ್ಟಿತು.

"ಆ ದುಡ್ಡಿಗೆ ಒಂದು ಮೂಟೆ ಸಿಮೆಂಟ್ ಬರತ್ತೆ. ಕಲಸೋದು ನನ್ನ ಕಸುಬು, ಮನೇಲೇ ಮಾಡ್ತೀನಿ," ಎಂದು ಹೆಂಡತಿಗೆ ಹೇಳಿ ಅಡುಗೆಮನೆಗೆ ನುಗ್ಗಿದ.

ಕ್ಯಾರೆಟ್, ಆಲೂಗಡ್ಡೆ ಬೇಯಿಸಿದ. ಮರಳು ಜರಡಿ ಹಿಡಿಯುವ ಶ್ರದ್ಧೆಯಿಂದ ಚಹಾ ಸೋಸುವ ಜಾಲರಿಯಲ್ಲಿ ಉಜ್ಜಿದ. ಚಮಚ ಓರೆ ಮಾಡಿ ಹದ ನೋಡಿದ. ಹದವೇನೋ ಬಂದಿತ್ತು, ಆದರೆ ಗೋಡೆಗೆ. ಮಗಳು ಬಾಯಿ ತುಂಬ ಇಟ್ಟುಕೊಂಡು, ತುಸು ಯೋಚಿಸಿ, ಪಕ್ಕದ ಗೋಡೆಗೆ ಫುರ್ರೆಂದು ಉಗಿದಳು.

ಮೇಸ್ತ್ರಿ ಒರೆಸಲಿಲ್ಲ. ಕೈ ತನ್ನ ಪಾಡಿಗೆ ತಾನು ಚಮಚದ ಬೆನ್ನಿನಿಂದ ಅದನ್ನು ಗೋಡೆಗೆ ನಯವಾಗಿ ಸವರಿಬಿಟ್ಟಿತು.

"ರೀ, ಅದು ಊಟ ಕಣ್ರೀ, ಗಿಲಾವಲ್ಲ," ಎಂದು ಹೆಂಡತಿ ನಗುತ್ತಾ, ತರಕಾರಿ ಬೇಯಿಸಿದ ನೀರನ್ನೇ ಬಟ್ಟಲಿಗೆ ಬೆರೆಸಿ ತೆಳ್ಳಗೆ ಮಾಡಿದಳು.

ಈ ಸಲ ಮಗಳು ಬಟ್ಟಲು ಖಾಲಿ ಮಾಡಿದಳು. ಹೊಟ್ಟೆ ತುಂಬಿದ ಖುಷಿಗೆ ಗೋಡೆಯ ಮೇಲಿನ ಕ್ಯಾರೆಟ್‌ಗೆ ಅಂಗೈ ಒತ್ತಿದಳು. ಐದು ಪುಟ್ಟ ಬೆರಳುಗಳೂ ಅಚ್ಚುಕಟ್ಟಾಗಿ ಮೂಡಿದವು.

ಹೆಂಡತಿ ಒರೆಸಲು ಬಟ್ಟೆ ತಂದಳು. ಮೇಸ್ತ್ರಿ ಅವಳ ಕೈ ಹಿಡಿದುಕೊಂಡ.

"ಮುಟ್ಬೇಡ ಕಣೇ," ಎಂದ. "ಇನ್ನೂ ಹಸಿ ಇದೆ."